ಜೂನ್‌ನಲ್ಲಿ ನೆಟ್ಟ ಟೊಮೆಟೊ, ಪಕ್ಕದ ಮನೆಯ ಡೇರೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಮೇಲೆ ಮೂಡಿಗೆರೆಗೆ ಬಂದು ಎರಡು ವರ್ಷವಾಯಿತು. ಬಾಡಿಗೆ ಮನೆ, ಆದರೆ ಹಿಂದೆ ಅರ್ಧ ಗುಂಟೆಯಷ್ಟು ಹಿತ್ತಲಿದೆ. ಬೇಸಿಗೆಯಲ್ಲಿ ಹಾಕಿದ ಹರಿವೆ, ಬೆಂಡೆ ಚೆನ್ನಾಗಿ ಬಂದವು. ಅದೇ ಹುಮ್ಮಸ್ಸಿನಲ್ಲಿ ಜೂನ್ ಮೊದಲ ವಾರ 40 ಟೊಮೆಟೊ ಸಸಿ ನೆಟ್ಟೆ. ಊರಲ್ಲಿ ಅಮ್ಮ ಹಾಗೇ ಮಾಡುವುದು. ಕೆಲವು ಗಿಡ ಒಂದೆರಡು ದಿನದಲ್ಲೇ ಬಾಡಿ ಬಿದ್ದವು. ಉಳಿದವುಗಳ ಎಲೆ ಬಿಸಿನೀರು ಸುರಿದ ಹಾಗೆ ಕಪ್ಪಾಯಿತು. ಬೀನ್ಸ್ ಮೊಳಕೆಯನ್ನು ರಾತ್ರಿ ಯಾರೋ ಬೋಳಿಸುತ್ತಾರೆ. ಗುಲಾಬಿ ಎಲೆಯೆಲ್ಲ ಉದುರಿ ಕಡ್ಡಿ ನಿಂತಿದೆ. ಪಕ್ಕದ ಮನೆ ಅಜ್ಜಿ ಏನೂ ಔಷಧಿ ಹೊಡೆಯುವುದಿಲ್ಲ, ಅವರ ಅಂಗಳದಲ್ಲಿ ಮಾತ್ರ ಡೇರೆ (ಡೇಲಿಯಾ) ಹೂ ತಟ್ಟೆಯಷ್ಟು ಅಗಲ ಅರಳಿದೆ. ನಮ್ಮ ಮಣ್ಣೇ ಸರಿ ಇಲ್ಲವಾ? ಕೈತೋಟದ ಆಸೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಂಗಿ. ಮಣ್ಣಿಗೆ ಆಗಿರುವುದು ಸಣ್ಣ ತೊಂದರೆ, ಅದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಕೈಗುಣಕ್ಕಂತೂ ಏನೂ ಆಗಿಲ್ಲ. ತಪ್ಪಿದ್ದು ತಿಂಗಳು. ದಾವಣಗೆರೆಯ ಲೆಕ್ಕ ಹಿಡಿದುಕೊಂಡು ಮೂಡಿಗೆರೆಯಲ್ಲಿ ನೆಟ್ಟಿದ್ದೀರಿ.

ನಿಮ್ಮಮ್ಮನ ಊರಿನ ಕಡೆ ವರ್ಷಕ್ಕೆ 600–700 ಮಿಲಿಮೀಟರ್ ಮಳೆ. ಅಲ್ಲಿ ಜೂನ್ ಮಳೆ ಎಂದರೆ ಗಿಡಕ್ಕೆ ನೀರು. ಮೂಡಿಗೆರೆಯಲ್ಲಿ ಮಳೆ 2,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇದೇ ಜಿಲ್ಲೆಯ ಕಡೂರಿಗೆ ಇಳಿದರೆ ಮತ್ತೆ ನಿಮ್ಮೂರಿನ ಹವೆ. ಹಾಸನದಲ್ಲೂ ಅಷ್ಟೇ. ಸಕಲೇಶಪುರದಲ್ಲಿ ಕೊಡೆ ಮಡಚಲು ಪುರಸೊತ್ತಿಲ್ಲದ ದಿನ ಅರಸೀಕೆರೆಯ ತೆಂಗಿನ ತೋಟದವರು ಮೋಡ ನೋಡುತ್ತಾ ಕೂತಿರುತ್ತಾರೆ. ಅದಕ್ಕೇ 'ಕರ್ನಾಟಕದಲ್ಲಿ ಯಾವ ತಿಂಗಳು ಯಾವ ತರಕಾರಿ' ಅನ್ನುವ ಪಟ್ಟಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಯಾವ ಕರ್ನಾಟಕ?

ಗಿಡದ ತವರು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಟೊಮೆಟೊ ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನದು, ಅದರ ಕಾಡು ನೆಂಟರು ಈಗಲೂ ಅಲ್ಲಿನ ಒಣ ಇಳಿಜಾರುಗಳಲ್ಲಿ ಬೆಳೆಯುತ್ತಾರೆ. ಎಲೆ ಒದ್ದೆಯಾದರೆ ಅದಕ್ಕೆ ಆಗುವುದಿಲ್ಲ. ಅಜ್ಜಿಯ ಡೇರೆ ಮೆಕ್ಸಿಕೋದ ಎತ್ತರದ ಬೆಟ್ಟಗಳದು. ತಂಪು ಹವೆ, ಬೆಳೆಯುವ ಕಾಲಕ್ಕೆ ಸರಿಯಾಗಿ ಮಳೆ. ಮೂಡಿಗೆರೆ ಅದಕ್ಕೆ ತವರೇ. ನಿಮ್ಮ ಟೊಮೆಟೊಗೆ ಇದು ಅತ್ತೆ ಮನೆ, ಅದೂ ಆಷಾಢದಲ್ಲಿ. ಆಷಾಢ ಬಂತೆಂದರೆ ಹೊಸ ಸೊಸೆಯನ್ನೇ ತವರಿಗೆ ಕಳಿಸುತ್ತೇವೆ, ನೀವು ಹೋಗಿ 40 ಸಸಿಗಳನ್ನು ಕರೆತಂದಿರಿ!

ನೀವು ಬರೆದದ್ದನ್ನು ನೋಡಿದರೆ ಟೊಮೆಟೊ ಸತ್ತದ್ದು ಎರಡು ಬೇರೆ ಬೇರೆ ರೋಗದಿಂದ. ಇದು ಮುಖ್ಯ, ಯಾಕೆಂದರೆ ಒಂದು ಗಾಳಿ-ಮಳೆಯ ಜೊತೆ ಬಂದದ್ದು, ಇನ್ನೊಂದು ನೆಲದಲ್ಲೇ ಕೂತಿರುವಂಥದ್ದು.

ಹಸಿರಾಗಿದ್ದ ಗಿಡ ಒಂದೆರಡು ದಿನದಲ್ಲಿ ಜೋತು ಬಿತ್ತು ಅಂದರೆ ನನಗೆ ಮೊದಲು ಅನುಮಾನ ಬರುವುದು ಸೊರಗು ರೋಗದ ಮೇಲೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮುಂದಿನ ಸಲ ಗಿಡ ಬಾಡಿದರೆ ಬುಡದ ಹತ್ತಿರ ಗೇಣುದ್ದ ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿಯಿರಿ. ಕೈ ಅಲುಗಬಾರದು. ಕಾಂಡವನ್ನು ಲೋಟದ ಅಂಚಿಗೆ ದಾರದಲ್ಲಿ ಕಟ್ಟಿದರೆ ಒಳ್ಳೆಯದು. ಸೊರಗೇ ಆಗಿದ್ದರೆ ಐದು ನಿಮಿಷದೊಳಗೆ ಆ ತುದಿಯಿಂದ ಹಾಲಿನ ಎಳೆಯಂಥದ್ದು ಸಣ್ಣಗೆ, ನೇರವಾಗಿ ಕೆಳಗಿಳಿಯುತ್ತದೆ. ಅದು ಕಾಂಡದ ನೀರಿನ ನಾಳದಲ್ಲಿ ತುಂಬಿಕೊಂಡಿದ್ದ ಬ್ಯಾಕ್ಟೀರಿಯ. ಗಿಡ ನೆಲದಿಂದ ನೀರು ಎಳೆಯಲು ಆಗದೆ, ಬೇರಿನ ಸುತ್ತ ನೀರು ನಿಂತಿರುವಾಗಲೇ ಬಾಯಾರಿ ಸತ್ತಿದೆ. ಎಳೆ ಇಳಿಯದಿದ್ದರೆ ಬೇರು ಕೊಳೆತದ್ದು ಅಥವಾ ಹುಳ ಕಡಿದದ್ದು, ಕಿತ್ತು ನೋಡಿ.

ಈ ಸೊರಗಿಗೆ ಔಷಧಿ ಹುಡುಕಿ ದುಡ್ಡು ಹಾಳು ಮಾಡಬೇಡಿ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಟೊಮೆಟೊ ಮಾತ್ರವಲ್ಲ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವನ್ನೂ ಹಿಡಿಯುತ್ತದೆ. ನಾನು ಇದನ್ನು ದುಡ್ಡು ಕೊಟ್ಟು ತಂದವರ ಪೈಕಿ. ಮನೆ ಕಟ್ಟಿದ ಹೊಸದರಲ್ಲಿ ಹಿತ್ತಲು ತಗ್ಗಾಗಿದೆ ಎಂದು ಒಂದು ಟ್ರಾಕ್ಟರ್ ಕೆಂಪು ಮಣ್ಣು ಹಾಕಿಸಿದೆ. ನೋಡಲು ಕುಂಕುಮದ ಹಾಗಿತ್ತು. ಅದು ಮೂರು ವರ್ಷ ಟೊಮೆಟೊ ಬೆಳೆದು ಕೈಬಿಟ್ಟ ಹೊಲದ ಮಣ್ಣು ಅಂತ ತಿಳಿದದ್ದು ನನ್ನ ಬದನೆ ಸಾಲೆಲ್ಲ ಮಲಗಿದ ಮೇಲೆ. ಇಷ್ಟು ವರ್ಷ ಸಸಿ ಮಾಡುವುದನ್ನೇ ಕಲಿಸಿಕೊಂಡು ಬಂದ ನಾನು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ. ಆ ಮೂಲೆಯಲ್ಲಿ ಇವತ್ತಿಗೂ ಬೀನ್ಸ್, ಜೋಳ, ಸೊಪ್ಪು ಅಷ್ಟೇ.

ನೀವೂ ಹಾಗೇ ಮಾಡಿ. ಸೊರಗಿ ಸತ್ತ ಗಿಡಗಳನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಎರಡು-ಮೂರು ವರ್ಷ ಟೊಮೆಟೊ ಬಳಗದ ಯಾವುದೂ ಬೇಡ. ಟೊಮೆಟೊ ಬೇಕೇ ಬೇಕೆಂದರೆ ಖಾಲಿ ಸಿಮೆಂಟ್ ಚೀಲದಲ್ಲಿ ಬೇರೆ ಕಡೆಯ ಮಣ್ಣು ತುಂಬಿ ಬೆಳೆಸಿ. ತಳಿ ಕೇಳಿ ತನ್ನಿ. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ಸೊರಗನ್ನು ತಡೆದುಕೊಳ್ಳುತ್ತದೆ, ಎಲೆ ಮುಟುರು ರೋಗವನ್ನೂ ತಡೆಯುತ್ತದೆ.

ಇನ್ನು ಬಿಸಿನೀರು ಸುರಿದ ಹಾಗೆ ಕಪ್ಪಾದವು. ಅದು ಅಂಗಮಾರಿ. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕೇಳಿ, ಈ ಹೆಸರು ಹೇಳಿದರೆ ಮುಖ ಬಾಡುತ್ತದೆ. ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತರಿಸಿ, ಸಾಲ ಮಾಡಿ ಹಾಕಿದ ಹೊಲ ಮೋಡ ಕವಿದ ಒಂದು ವಾರದಲ್ಲಿ ಕರಕಲಾಗುವುದನ್ನು ಅವರು ಕಂಡಿದ್ದಾರೆ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಬರಗಾಲ ಬಂತಲ್ಲ, ಅದೂ ಇದೇ ರೋಗದಿಂದ. ತಂಪು, ಮಂಜು, ಎಲೆಯ ಮೇಲೆ ಆರದ ನೀರು, ಇಷ್ಟು ಸಿಕ್ಕರೆ ಸಾಕು. ಮೂಡಿಗೆರೆಯ ಜುಲೈ ಅಂದರೆ ಇಷ್ಟೇ ತಾನೆ? ನಿಮ್ಮ 40 ಸಸಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಬೋರ್ಡೋ ಹೊಡೆಯಬಹುದಿತ್ತಲ್ಲ ಎಂದು ನಿಮ್ಮ ಅಕ್ಕಪಕ್ಕದ ಅಡಿಕೆ ತೋಟದವರು ಹೇಳಿಯೇ ಹೇಳುತ್ತಾರೆ. ಮಲೆನಾಡಿಗೆ ಅದರ ಮೇಲೆ ಭಕ್ತಿ ಜಾಸ್ತಿ, ಅದಕ್ಕೆ ಕಾರಣವೂ ಇದೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಕಾಲದಲ್ಲಿ ಈ ಮೈಲುತುತ್ತ-ಸುಣ್ಣದ ದ್ರಾವಣವನ್ನು ಇಲ್ಲಿ ಬಳಕೆಗೆ ತಂದರು. ಮನೆಯ ಅಳತೆಗೆ 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಅಂಚು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು ಎಂದರ್ಥ. ಅವತ್ತೇ ಹೊಡೆದು ಮುಗಿಸಬೇಕು, ರೋಗ ಬರುವ ಮೊದಲೇ, ಎಲೆ ಒಣಗಿರುವಾಗ. ನಿಂಬೆ, ಕಾಳುಮೆಣಸಿಗೆ ನಾನೂ ಹೊಡೆಯುತ್ತೇನೆ. ಆದರೆ ಜುಲೈ ಟೊಮೆಟೊಗೆ ವಾರಕ್ಕೊಂದು ಸಲ ಬಕೆಟ್ ಹೊರುವುದು ನನ್ನ ಪ್ರಕಾರ ವ್ಯರ್ಥ. ಮೂರು ತಿಂಗಳು ತಾಳಿದರೆ ಆ ಕೆಲಸವೇ ಇರುವುದಿಲ್ಲ.

ಹೇಗೆ ಅಂದರೆ, ನಿಮ್ಮ ಪತ್ರ ನನಗೆ ಸಿಕ್ಕಿದ್ದು ಹುಬ್ಬೆ ಮಳೆಯ ವಾರ. ಇನ್ನೇನು ಉತ್ತರೆ. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಹಳೆಯ ಟ್ರೇಯಲ್ಲಿ ಟೊಮೆಟೊ ಬೀಜ ಹಾಕಿ ಜಗುಲಿಯ ಮೇಲಿಡಿ. ಬಿಸಿಲು ಬೀಳಬೇಕು, ಇರಚಲು ಹೊಡೆಯಬಾರದು. ಚಿತ್ತೆ ಮಳೆ ಹೊತ್ತಿಗೆ, ಅಂದರೆ ಅಕ್ಟೋಬರ್ ಮಧ್ಯಕ್ಕೆ ಸಸಿ ಗೇಣುದ್ದ ಬಂದಿರುತ್ತದೆ. ಆಗ ನೆಡಿ. 40 ಬೇಡ, ಮನೆ ಖರ್ಚಿಗೆ ಹತ್ತು ಗಿಡ ಧಾರಾಳ. ನೆಡುವಾಗಲೇ ಕೋಲು ಊರಿ. ಗಿಡ ಮೊಣಕಾಲೆತ್ತರ ಬಂದ ಮೇಲೆ ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತುಹಾಕಿ. ನೀರು ಬೆಳಿಗ್ಗೆ, ಅದೂ ಬುಡಕ್ಕೆ ಮಾತ್ರ. ಡಿಸೆಂಬರ್ ಇಬ್ಬನಿಗೆ ಎಲೆ ಹೇಗೂ ಒದ್ದೆಯಾಗುತ್ತದೆ, ನೀವೂ ಸಂಜೆ ನೀರು ಹೊಯ್ದು ಸೇರಿಸಬೇಡಿ. ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ಹಣ್ಣು ಕೊಯ್ಯುತ್ತೀರಿ. ಬೀನ್ಸೂ ಅಕ್ಟೋಬರಿಗೆ, ಐವತ್ತು ದಿನದೊಳಗೆ ಕಾಯಿ. ಬೇಲಿ ಮೇಲೆ ಜಾಗ ಇದ್ದರೆ ಈಗಲೇ ನಾಲ್ಕು ಅವರೆ ಬೀಜ ಊರಿ. ನಾಟಿ ಅವರೆಗೆ ತಿಂಗಳು ಹೇಳಿಕೊಡಬೇಕಾಗಿಲ್ಲ, ಹಗಲು ಚಿಕ್ಕದಾದಾಗಲೇ ಅದು ಹೂ ಬಿಡುವುದು. ಇಬ್ಬನಿ ಬಿದ್ದ ಅವರೆಯ ಸೊಗಡು ಕೈಗೆ ಹತ್ತಿಕೊಂಡರೆ ಸಂಜೆತನಕ ಹೋಗುವುದಿಲ್ಲ. ಪೇಟೆ ಅವರೆಯಲ್ಲಿ ಆ ಘಮ ಅರ್ಧವೂ ಇರುವುದಿಲ್ಲ, ಅಲ್ವಾ?

ಮಣ್ಣಿನ ಮಾತಿಗೆ ಬರುತ್ತೇನೆ. ಇಷ್ಟು ಮಳೆ ಬಿದ್ದರೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಮಲೆನಾಡಿನ ಮಣ್ಣಿಗೆಲ್ಲ ಇದೇ ಕತೆ. ಮೂಡಿಗೆರೆಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು ಪರೀಕ್ಷೆ ಬಗ್ಗೆ ಅಲ್ಲಿ ಒಮ್ಮೆ ವಿಚಾರಿಸಿ. ಹಿತ್ತಲಿನ ನಾಲ್ಕೈದು ಕಡೆಯಿಂದ ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ದರೆ ಸಾಕು. ಹುಳಿ ಎಂದು ಬಂದರೆ ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಚದರ ಮೀಟರಿಗೆ ಎರಡು ಹಿಡಿ ಕೃಷಿ ಸುಣ್ಣ ಹಾಕಿ ಕೆದಕಿ. ಸಗಣಿ ಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ. ಸುಣ್ಣ ತಾಗಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ಮೂರು ವಾರ ಬಿಟ್ಟು ಹಾಕಿ. ಇದಕ್ಕಿಂತ ದೊಡ್ಡ ವಿಷಯ ನೀರು ಬಸಿಯುವುದು. ಮಡಿಗಳನ್ನು ಒಂದೂವರೆ ಗೇಣು ಏರಿಸಿ, ಮಧ್ಯೆ ಚರಂಡಿ ತೆಗೆದು, ಆ ನೀರು ಹಿತ್ತಲಿನಾಚೆ ಹೋಗುವ ದಾರಿ ಮಾಡಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹತ್ತು ನಿಮಿಷ ಹಿತ್ತಲಲ್ಲಿ ನಿಂತರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಬಿಸಿಲಿನಲ್ಲಿ ನಕ್ಷೆ ಹಾಕಿದರೆ ತಿಳಿಯುವುದಿಲ್ಲ.

ರಾತ್ರಿ ಕಳ್ಳರ ವಿಚಾರ. ಊಟ ಆದಮೇಲೆ ಟಾರ್ಚ್ ಹಿಡಿದು ಹೋಗಿ ನೋಡಿ. ಬಸವನಹುಳು ಇರುತ್ತದೆ, ಇಲ್ಲವೇ ಚಿಪ್ಪಿಲ್ಲದ ಸಿಂಬಳದ ಹುಳು. ಒಲೆ ಬೂದಿ ಸುರಿಯಿರಿ, ಮೊಟ್ಟೆ ಸಿಪ್ಪೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಬಯಲುಸೀಮೆಯಲ್ಲಿ ಸರಿ. ಇಲ್ಲಿನ ಮಳೆಗೆ ಬೂದಿ ಹತ್ತು ನಿಮಿಷ ನಿಲ್ಲುವುದಿಲ್ಲ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಕೋಸಿನ ಹೊರಎಲೆ ಅಥವಾ ಪರಂಗಿ ಎಲೆ ಇಡಿ. ಬೆಳಿಗ್ಗೆ ಚೀಲ ಎತ್ತಿದರೆ ಅಷ್ಟೂ ಅಲ್ಲೇ ಮಲಗಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ನೇರ ಮಣ್ಣಿಗೆ ಎರಚಬೇಡಿ, ಹುಳದ ಜೊತೆ ಗಿಡವೂ ಹೋಗುತ್ತದೆ. ಒಂದು ವಾರ ಬಿಡದೆ ಮಾಡಿದರೆ ಲೆಕ್ಕ ಇಳಿಯುತ್ತದೆ. ಬೀಜವನ್ನು ನೆಲಕ್ಕೆ ಊರುವ ಬದಲು ಕಾಗದದ ಲೋಟದಲ್ಲಿ ಮೊಳೆಸಿ, ನಾಲ್ಕು ಎಲೆ ಬಂದ ಮೇಲೆ ನೆಟ್ಟರೆ ಇನ್ನೂ ಒಳ್ಳೆಯದು. ಹುಳಕ್ಕೆ ಬೇಕಾದದ್ದು ಎಳೆ ಮೊಳಕೆ, ಬಲಿತ ಕಾಂಡ ಅಲ್ಲ.

ಗುಲಾಬಿ ಸತ್ತಿಲ್ಲ. ಕಪ್ಪು ಚುಕ್ಕೆ ರೋಗಕ್ಕೆ ಎಲೆ ಏಳೆಂಟು ಗಂಟೆ ಒದ್ದೆ ಇದ್ದರೆ ಸಾಕು, ಇಲ್ಲಿ ಏಳೆಂಟು ವಾರ ಒದ್ದೆ ಇರುತ್ತದೆ. ಉದುರಿದ ಎಲೆ ಗುಡಿಸಿ ಸುಡಿ. ದಸರಾ ಕಳೆದು ಮಳೆ ನಿಂತ ಮೇಲೆ ಕಡ್ಡಿ ಸವರಿ, ಒಂದು ಬುಟ್ಟಿ ಗೊಬ್ಬರ ಕೊಡಿ. ಹೊಸ ಚಿಗುರು ಬಂದು ಡಿಸೆಂಬರಿನಲ್ಲಿ ಹೂ ನೋಡುತ್ತೀರಿ. ಕುಂಡದಲ್ಲಿದ್ದರೆ ಮುಂದಿನ ಮಳೆಗಾಲಕ್ಕೆ ಸೂರಿನಡಿಗೆ ಸರಿಸಿ. ಹೆಂಚಿನ ನೀರು ಧಾರೆ ಬೀಳುವ ಜಾಗಕ್ಕೆ ಮಾತ್ರ ಬೇಡ.

ಹಾಗಾದರೆ ಮಳೆಗಾಲದಲ್ಲಿ ಹಿತ್ತಲು ಖಾಲಿ ಬಿಡಬೇಕಾ? ಬೇಡವೇ ಬೇಡ. ಮಳೆ ಬೇಕೆನ್ನುವ ಗಿಡಗಳಿಗೆ ಬಿಟ್ಟುಕೊಡಿ. ಕೆಸು, ಅರಿಶಿನ, ಶುಂಠಿ, ಸುವರ್ಣಗೆಡ್ಡೆ ಇವನ್ನೆಲ್ಲ ಏಪ್ರಿಲ್-ಮೇನಲ್ಲಿ ನೆಟ್ಟು ಮೇಲೆ ತರಗೆಲೆ ಹೊದಿಸಿದರೆ ನಿಮ್ಮ ಕೆಲಸ ಮುಗಿಯಿತು. ಬಸಳೆಗೆ ಒಂದು ಚಪ್ಪರ. ಸೀಮೆಬದನೆಗೆ ಇನ್ನೊಂದು, ಸ್ವಲ್ಪ ಗಟ್ಟಿಯಾದದ್ದು. ಅದೂ ಡೇರೆಯ ಊರಿನ ಕಡೆಯದೇ, ಒಂದು ಬಳ್ಳಿ ಹಿಡಿಯಿತೆಂದರೆ ಬೀದಿಗೆಲ್ಲ ಹಂಚಬೇಕಾಗುತ್ತದೆ. ಹೀರೆ, ಸೌತೆ, ಬೆಂಡೆಯನ್ನು ಮಳೆ ಹಿಡಿದ ಮೇಲೆ ಹಾಕಿದರೆ ಬೀಜವೇ ಕೊಳೆಯುತ್ತದೆ. ಮೇ ಮಧ್ಯದಲ್ಲಿ, ಕೃತ್ತಿಕೆ ಮಳೆಗೆ ಏರು ಮಡಿಯಲ್ಲಿ ಊರಿದರೆ ಮೃಗಶಿರ ಬರುವಷ್ಟರಲ್ಲಿ ಬಳ್ಳಿ ನೆಲ ಬಿಟ್ಟು ಎದ್ದಿರುತ್ತದೆ.

ಡೇರೆ ಬಗ್ಗೆ ನೀವು ಕೇಳದೆ ಕೇಳಿದ್ದೀರಿ. ಅಜ್ಜಿಯ ಗುಟ್ಟು ಗೆಡ್ಡೆಯಲ್ಲಿದೆ. ನವೆಂಬರ್ ಹೊತ್ತಿಗೆ ಗಿಡ ಒಣಗುತ್ತದೆ. ಆಗ ಸುತ್ತ ಅಗೆದು ಎತ್ತಿದರೆ ಗೆಣಸಿನ ಗೊಂಚಲಿನ ಹಾಗೆ ಗೆಡ್ಡೆಗಳು ಒಂದೇ ಕೊರಳಿಗೆ ಜೋತುಕೊಂಡಿರುತ್ತವೆ. ಹೊಸಬರು ಇಲ್ಲೇ ಮೋಸ ಹೋಗುವುದು. ದಪ್ಪ ಗೆಡ್ಡೆ ನೋಡಿ ಮುರಿದುಕೊಂಡು ಬರುತ್ತಾರೆ, ಮಣ್ಣಲ್ಲಿಟ್ಟು ಕಾಯುತ್ತಾರೆ, ಅದು ಕೊಳೆಯುವವರೆಗೂ ಚಿಗುರುವುದಿಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಕಣ್ಣಿರುವುದು ಕೊರಳಿನಲ್ಲಿ ಮಾತ್ರ. ಹಳೆಯ ಕಾಂಡ ಸೇರುವ ಜಾಗದಲ್ಲಿ ಸಾಸಿವೆಯಷ್ಟು ಗುಲಾಬಿ ಉಬ್ಬು ಕಾಣುತ್ತದೆ. ಅದರ ಒಂದು ಚೂರು ಅಂಟಿಕೊಂಡಿದ್ದರೆ ಹೆಬ್ಬೆರಳಿನಷ್ಟು ಗೆಡ್ಡೆಯೂ ಗಿಡವಾಗುತ್ತದೆ. ಅಜ್ಜಿ ಹಿತ್ತಾಳೆ ಈಳಿಗೆಯಲ್ಲೋ ಹಳೆ ಕತ್ತಿಯಲ್ಲೋ ಆ ಕೊರಳನ್ನೇ ಸೀಳುವುದನ್ನು ನಿಂತು ನೋಡಿ, ಯಾವ ಪುಸ್ತಕದಲ್ಲೂ ಅದನ್ನು ಕಲಿಯಲು ಆಗುವುದಿಲ್ಲ.

ಸೀಳಿದ ಗೆಡ್ಡೆಗೆ ಬೂದಿ ಹಚ್ಚಿ, ಒಣ ಮರಳಿನಲ್ಲಿ ಹುದುಗಿಸಿ, ಇಲಿ ಹೋಗದ ಕಡೆ ಇಡಿ. ಮೇ ಕೊನೆಗೆ, ರೋಹಿಣಿ ಮಳೆ ಶುರುವಾಗುವಾಗ ನೆಡಿ. ಮೊದಲು ಕೋಲು ಊರಿ, ಆಮೇಲೆ ಪಕ್ಕದಲ್ಲಿ ಗೆಡ್ಡೆ ಇಡಿ. ಜುಲೈ ಗಾಳಿಗೆ ಗಿಡ ವಾಲಿದಾಗ ಕೋಲು ಹುಡುಕಿ ಚುಚ್ಚಿದರೆ ಅದು ಸೀದಾ ಗೆಡ್ಡೆಗೇ ಹೋಗುತ್ತದೆ. ನಾಲ್ಕೈದು ಜೊತೆ ಎಲೆ ಬಂದಾಗ ತುದಿ ಚಿವುಟಿ. ತಟ್ಟೆಯಷ್ಟು ಹೂ ಬೇಕಾದರೆ ಕವಲಿಗೆ ಒಂದೇ ಮೊಗ್ಗು ಉಳಿಸಿ ಅಕ್ಕಪಕ್ಕದ್ದನ್ನು ತೆಗೆಯಿರಿ. ಇನ್ನೊಂದು ವಿಷಯ. ಡೇರೆಯ ಕಾಂಡ ಒಳಗೆ ಟೊಳ್ಳು. ದಪ್ಪ ಕಾಂಡ ಕೊಯ್ದು ಹಾಗೇ ಬಿಟ್ಟರೆ ಮಳೆನೀರು ಕೊಳವೆಯಲ್ಲಿ ಇಳಿದು ಕೊರಳು ಕೊಳೆಯುತ್ತದೆ. ಕೊಯ್ದ ತುದಿಗೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತಿ.

ಮಂಗಗಳ ಬಗ್ಗೆ ನೀವು ಬರೆದಿಲ್ಲ. ಅಂದರೆ ಅವಕ್ಕೆ ಇನ್ನೂ ನಿಮ್ಮ ವಿಳಾಸ ಸಿಕ್ಕಿಲ್ಲ. ಜನವರಿಯಲ್ಲಿ ಟೊಮೆಟೊ ಕೆಂಪಾದಾಗ ಸಿಗುತ್ತದೆ. ಅದಕ್ಕೆ ಪಟಾಕಿಯಿಂದ ಹಿಡಿದು ಹುಲಿ ಗೊಂಬೆಯವರೆಗೆ ಎಲ್ಲ ಮಾಡಿ ಸೋತಿದ್ದೇನೆ. ಬಣ್ಣ ತಿರುಗಿದ ಕೂಡಲೇ ಕೊಯ್ದು ಅಕ್ಕಿ ಡಬ್ಬಿಯ ಪಕ್ಕ ಇಟ್ಟು ಹಣ್ಣು ಮಾಡುತ್ತೇನೆ. ಹತ್ತರಲ್ಲಿ ಮೂರು ಅವುಗಳ ಪಾಲಿಗೆ ಹೋಗುತ್ತವೆ, ಬೈದುಕೊಂಡೇ ಬಿಡುತ್ತೇನೆ. ಅರಿಶಿನ, ಶುಂಠಿ, ಕೆಸುವಿನ ತಂಟೆಗೆ ಬಂದಿಲ್ಲ.

ಆಮೇಲೆ ಬೇಸಿಗೆ ನಿಮಗೇ ಗೊತ್ತಿದೆ, ನೀರಿದ್ದರೆ ಸಾಕು. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಸಂಜೆ ಹೂಮಳೆ ಬಂದರೆ ಎಂಟು-ಹತ್ತು ದಿನ ಬಿಟ್ಟು ಬೆಳಿಗ್ಗೆ ಬೇಗ ಎದ್ದು ಹಿತ್ತಲ ಬಾಗಿಲು ತೆಗೆಯಿರಿ. ಸುತ್ತಲಿನ ತೋಟದ ಕಾಫಿ ಹೂ ಅರಳಿ, ಮಲ್ಲಿಗೆಯ ಹಾಗಿನ ಪರಿಮಳ ಮನೆಯೊಳಗೇ ಬಂದಿರುತ್ತದೆ. ಎರಡು-ಮೂರು ದಿನ ಅಷ್ಟೇ. ಅದೇ ತಿಂಗಳು ಆಲಿಕಲ್ಲು ಬಿದ್ದು ನಿಮ್ಮ ಬೆಂಡೆ ಎಲೆ ಜರಡಿಯೂ ಆಗಬಹುದು, ಬೆಂಡೆ ಮತ್ತೆ ಚಿಗುರುತ್ತದೆ.

ಸದ್ಯಕ್ಕೆ ಈ ವಾರ ಸತ್ತ ಟೊಮೆಟೊ ಕಿತ್ತು ಸುಡುವುದು, ಗೋಣಿಚೀಲ ಹಾಸುವುದು, ಟ್ರೇ ಹುಡುಕಿ ಬೀಜ ತರಿಸುವುದು. ಮತ್ತೆ ಅಜ್ಜಿ ಮನೆಗೆ ಒಮ್ಮೆ ಹೋಗಿ ಬನ್ನಿ. ನವೆಂಬರ್‌ನಲ್ಲಿ ಗೆಡ್ಡೆ ಎತ್ತುವ ದಿನ ಕರೆಯಿರಿ, ಸಹಾಯಕ್ಕೆ ಬರುತ್ತೇನೆ ಎನ್ನಿ. ಬರಿಗೈಯಲ್ಲಿ ಹೋಗಬೇಡಿ, ಅಮ್ಮನ ಹಿತ್ತಲಿನ ಹೀರೆ ಬೀಜ ನಾಲ್ಕು ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಯಾವ ಬಣ್ಣದ್ದು ಕೊಡುತ್ತೀರಿ ಎಂದು ಮಾತ್ರ ಕೇಳಬೇಡಿ. ಒಣ ಗೆಡ್ಡೆ ನೋಡಿ ಬಣ್ಣ ಹೇಳಲು ಅವರಿಗೂ ಬರುವುದಿಲ್ಲ, ಜುಲೈನಲ್ಲೇ ಗೊತ್ತಾಗುವುದು.